ನಗಲೇಬೇಕೆಂಬ ಕರಾರು

1898ರಲ್ಲಿ ಗಾಂಧೀಜಿ ಡರ್ಬನ್‌ನಲ್ಲಿ ವಕೀಲರಾಗಿದ್ದರು. ಅವರ ಗುಮಾಸ್ತರಲ್ಲಿ ಕೆಲವರ ವಾಸ ಅವರ ಮನೆಯಲ್ಲೇ. ಕೊಳೆನೀರು ಹರಿದುಹೋಗಲು ದಾರಿಯಿಲ್ಲದ ಕೋಣೆಗಳಾದ್ದರಿಂದ ಮೂತ್ರದ ಪಾತ್ರೆ ಇಟ್ಟುಕೊಳ್ಳಬೇಕಿತ್ತು. ಹಳಬರು ತಮ್ಮ ಪಾತ್ರೆ ತಾವೇ ತೊಳೆದುಕೊಳ್ಳುತ್ತಿದ್ದರು. ಹೊಸದಾಗಿ ಬಂದವರದನ್ನು ಮಾತ್ರ ಗಂಡ ಇಲ್ಲವೇ ಹೆಂಡತಿ ತೊಳೆಯಬೇಕು, ಆಳಿಗೆ ಹೇಳುವಂತಿಲ್ಲ. ಹಾಗೆ ಬಂದವರೊಬ್ಬರು, ಅಸ್ಪೃಶ್ಯರೆನಿಸಿಕೊಂಡ ಪಂಚಮ ತಂದೆತಾಯಿಗೆ ಹುಟ್ಟಿದ ಕ್ರೈಸ್ತರು. ಅವರ ಪಾತ್ರೆ ಮುಟ್ಟಲು ಕಸ್ತೂರಬಾಗೆ ಮನಸ್ಸಿಲ್ಲ, ಗಂಡ ಮುಟ್ಟುವುದನ್ನು ನೋಡಲೂ ಮನಸ್ಸಿಲ್ಲ. ಕೊನೆಗೆ ತಾವೇ ಪಾತ್ರೆ ಎತ್ತಿಕೊಂಡು ಮೆಟ್ಟಿಲಿಳಿದರು. ಕಣ್ಣು ಸಿಟ್ಟಿಗೆ ಕೆಂಪೇರಿತ್ತು, ಕೆನ್ನೆ ಒದ್ದೆಯಾಗಿತ್ತು.

ಕೆಲಸವೇನೋ ಆಗುತ್ತಿತ್ತು. ಗಾಂಧಿಗೆ ಅಷ್ಟು ಸಾಲಲಿಲ್ಲ. ಹೆಂಡತಿ ಅದನ್ನು ಖುಷಿಯಿಂದ ಹೊರಬೇಕಿತ್ತು. ಕೂಗಾಡಿದರು, ಆಕೆಯೂ ತಿರುಗಿ ಮಾತಾಡಿದರು. ಆಗ ಕೈ ಹಿಡಿದು ಗೇಟಿನವರೆಗೆ ಎಳೆದೊಯ್ದು ಹೊರದಬ್ಬಲು ಹೋದರು. ಹುಟ್ಟಿದೂರಲ್ಲ, ನೆಂಟರಿಲ್ಲ, ಇಲ್ಲಿಂದ ತಾನು ಹೋಗುವುದಾದರೂ ಎಲ್ಲಿಗೆ ಎಂದು ಕಸ್ತೂರಬಾ ಅತ್ತು ನಾಚಿಸಿದ ಮೇಲಷ್ಟೇ ಬಾಗಿಲು ಮುಚ್ಚಿತು. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿಟ್ಟವರೂ ಗಾಂಧಿಯೇ, ತಮ್ಮ ಆತ್ಮಕಥೆಯಲ್ಲಿ.

ಅಸ್ಪೃಶ್ಯತೆಯ ಮಾತು ಬಂದರೆ ನ್ಯಾಯ ಗಾಂಧಿಯ ಕಡೆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನನಗೆ ಹಿಡಿಸದ್ದು ಅದರ ಮೇಲೆ ಹೇರಿದ ಇನ್ನೊಂದು ಕರಾರು: ಸೋತವರು ನಗಬೇಕು.

ಈ ಕರಾರು ನಮ್ಮ ಮನೆಗಳಲ್ಲಿ ಈಗಲೂ ಚಾಲ್ತಿಯಲ್ಲಿದೆ. ಮಂಡ್ಯ ಕಡೆಯಿಂದ ಹುಬ್ಬಳ್ಳಿಗೆ ಸೊಸೆಯಾಗಿ ಬಂದ ಒಬ್ಬರನ್ನು ಬಲ್ಲೆ. ಜೋಳದ ಹಿಟ್ಟು ನಾದಿ, ಕೊಣಮಿಗೆಯಲ್ಲಿ ತಟ್ಟಿ ತಟ್ಟಿ, ಈಗ ಅತ್ತೆಗಿಂತ ತೆಳ್ಳಗಿನ ರೊಟ್ಟಿ ಬೇಯಿಸುತ್ತಾರೆ. ಒಂದು ಮಧ್ಯಾಹ್ನ ತಮಗಷ್ಟೇ ಎಂದು ರಾಗಿಮುದ್ದೆ ತೊಳಸಿಕೊಂಡು, ಬಸ್ಸಾರಿನ ಜೊತೆ ಊಟಕ್ಕೆ ಕೂತಿದ್ದರು. ಗಂಡ ನೋಡಿದ. 'ಇಷ್ಟ್ ವರ್ಷ ಆತು, ಇನ್ನೂ ರೊಟ್ಟಿ ಒಗ್ಗಿಲ್ಲೇನ ನಿನಗ?' ಎಂದ. ಬೈಗುಳವೇನಲ್ಲ, ಬೇಸರ. ಆಕೆ ತುತ್ತು ಮುರಿಯುತ್ತಲೇ, 'ರೊಟ್ಟಿ ಒಗ್ಗೈತೆ ಅಂತ ಮುದ್ದೆ ಮರ್ತುಬುಡಕಾಯ್ತದಾ?' ಎಂದರಂತೆ. ಆತನಿಗೆ ರೊಟ್ಟಿ ಸಿಗುತ್ತಲೇ ಇತ್ತು. ಸಿಗದೆ ಹೋದದ್ದು, ಹೆಂಡತಿ ಏನನ್ನೂ ಬಿಟ್ಟುಕೊಟ್ಟಿಲ್ಲ ಎಂದು ನಂಬಿಕೊಂಡಿರುವ ನೆಮ್ಮದಿ.

ಲೋಕ ಅದಾಲತ್ ನಡೆದ ಮರುದಿನ ಜಿಲ್ಲಾ ಪುಟದಲ್ಲಿ ಬರುವ ಫೋಟೊ ನೋಡಿರುತ್ತೀರಿ. ವಿಚ್ಛೇದನಕ್ಕೆ ಬಂದಿದ್ದ ಜೋಡಿ ಮತ್ತೆ ಹಾರ ಬದಲಾಯಿಸಿಕೊಳ್ಳುತ್ತದೆ, ನ್ಯಾಯಾಧೀಶರು ಪಕ್ಕದಲ್ಲಿ ನಿಂತು ಹರಸುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿ ಬರೆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಷರತ್ತೇನು, ಯಾರು ಏನು ಬಿಟ್ಟರು ಎಂಬುದು ಕಾಗದದಲ್ಲಿ ಇರುತ್ತದೆ. ನಗುವಿನ ಷರತ್ತು ಕಾಯ್ದೆಯಲ್ಲಿಲ್ಲ, ಅದು ಕ್ಯಾಮೆರಾದವರದು. ಮನೆಯೊಳಗಿನ ರಾಜಿಗೆ ಕಾಗದವಿಲ್ಲ, ಹಾಗಾಗಿ ಬಿಟ್ಟವರ ಗೊಣಗಾಟವೊಂದೇ ದಾಖಲೆ. ಅದನ್ನೂ ಬೇಡವೆಂದರೆ ಬಿಟ್ಟದ್ದೇ ಸುಳ್ಳಾಗುತ್ತದೆ. ಗೊಣಗಲು ಅವಕಾಶವಿರುವ ಮನೆ ಹೊರಗಿನವರಿಗೆ ಗಲಾಟೆಯ ಮನೆಯಂತೆ ಕಾಣಬಹುದು, ನನಗೆ ಅಂಥ ಮನೆಯ ಮೇಲೆ ಹೆಚ್ಚು ಭರವಸೆ. (ಮಗಳನ್ನು ಕಳಿಸಿಕೊಡುವಾಗ 'ಹೊಂದ್ಕೊಂಡು ಹೋಗಮ್ಮ' ಎನ್ನುವ ಹಿರಿಯರು ಅಳಿಯನ ಕಿವಿಯಲ್ಲೂ ಅದನ್ನೇ ಹೇಳಿದ್ದನ್ನು ನಾನಂತೂ ಕೇಳಿಲ್ಲ.)

ಗಾಂಧಿಗೂ ಸೋಲುವ ಸರದಿ ಬಂತು. 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿದ್ದಾಗ ಹಾಲು ಬಿಟ್ಟಿದ್ದರು. ಹಸು ಎಮ್ಮೆಗಳನ್ನು ಹಿಂಸಿಸಿ ಹಾಲು ಹಿಂಡುವುದನ್ನು ಕೇಳಿ ಹೇಸಿದ್ದೂ ಅದಕ್ಕೊಂದು ಕಾರಣ. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸುತ್ತಾ ಅಲೆದು, ಆಮಶಂಕೆಯಾಗಿ ಹಾಸಿಗೆ ಹಿಡಿದರು. ಹಾಲು ಕುಡಿಯದೆ ಮೈ ಚೇತರಿಸದು ಎಂದರು ವೈದ್ಯರು. ಪ್ರತಿಜ್ಞೆ ಇದೆಯಲ್ಲ ಎಂದರು ರೋಗಿ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಕಸ್ತೂರಬಾ, ಹಾಗಾದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಎಂದರು. ಪ್ರತಿಜ್ಞೆ ಮುರಿಯಿರಿ ಎನ್ನಲಿಲ್ಲ. ಗಂಡನ ಹಟ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ಮೂರೂವರೆ ದಶಕದ ಸಂಸಾರ ಕಲಿಸಿತ್ತು.

ಗಾಂಧಿ ಒಪ್ಪಿದರು, ನಗಲಿಲ್ಲ. ಪ್ರತಿಜ್ಞೆಯ ಅಕ್ಷರ ಉಳಿಸಿಕೊಂಡು ಜೀವಾಳ ಬಿಟ್ಟೆ, ಬದುಕುವ ಆಸೆಗೆ ಸತ್ಯವನ್ನು ಬಗ್ಗಿಸಿದೆ ಎಂಬ ಕೊರಗನ್ನು ವರ್ಷಗಳ ನಂತರ ಆತ್ಮಕಥೆಯಲ್ಲಿ ತೋಡಿಕೊಂಡರು. ಆ ಕೊರಗಿಗಾಗಿ ಯಾರೂ ಅವರನ್ನು ಗೇಟಿನವರೆಗೆ ಎಳೆಯಲಿಲ್ಲ. ಆಡಿನ ಹಾಲನ್ನೂ ಅವರು ಬಿಡಲಿಲ್ಲ.