ಗೋಸುಂಬೆ ಮರಿಗೆ ಡಬ್ಬಿ ಬೇಡ

ದೇವನಹಳ್ಳಿ ತಾಲ್ಲೂಕಿನ ಕುಂದಾಣದ ಸುತ್ತ ಬೆಟ್ಟದ ಕುರುಚಲು, ದ್ರಾಕ್ಷಿ ತೋಟ, ರಾಗಿ ಹೊಲದ ಬದುಗಳಿವೆ. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಇಂಥದೊಂದು ಬದುವಿನ ಪೊದೆಯಲ್ಲಿ, ಶಾಲೆಗೆ ಹೊರಟ ಹುಡುಗನಿಗೆ ಕಿರುಬೆರಳಷ್ಟು ಗಾತ್ರದ ಜೀವಿಯೊಂದು ಕಂಡಿತೆನ್ನಿ. ಹೆಜ್ಜೆ ಇಡುವ ಮುನ್ನ ಅದು ಹಿಂದೆ ಮುಂದೆ ತೂಗಾಡುತ್ತದೆ. ಹುಡುಗನ ಕೈ ತಾನಾಗಿ ಚೀಲದ ಊಟದ ಡಬ್ಬಿಯತ್ತ ಹೋಗುತ್ತದೆ. ಮನೆಗೆ ಒಯ್ದು ಸಾಕುವ ಆಸೆ. ಆಸೆಯೇನೋ ಸಹಜ. ಆದರೆ ಡಬ್ಬಿಯೊಳಗೆ ಆ ಮರಿ ಎಷ್ಟು ದಿನ ಬದುಕೀತು?

ಮೊದಲು ಅದು ಗೋಸುಂಬೆಯೇ ಎಂದು ತಿಳಿಯಬೇಕು. ಬೇಲಿಯ ಮೇಲೆ ತಲೆಯಾಡಿಸಿ, ಹತ್ತಿರ ಹೋದರೆ ಸರಕ್ಕನೆ ಓಡುವುದು ಓತಿಕ್ಯಾತ. ಗೋಸುಂಬೆಗೆ ಅವಸರವೇ ಇಲ್ಲ. ಅದರ ಐದು ಬೆರಳುಗಳು ಎರಡು ಮತ್ತು ಮೂರರ ಕಟ್ಟಾಗಿ ಸೇರಿಕೊಂಡು ಕೊಂಬೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಬಾಲ ಸುರುಳಿ ಸುತ್ತುತ್ತದೆ. ಒಂದು ಕಣ್ಣು ಮುಂದೆ ನೋಡುತ್ತಿದ್ದರೆ ಇನ್ನೊಂದು ಹಿಂದೆ ನೋಡಬಲ್ಲದು. ಜಗತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಗೋಸುಂಬೆಗಳಿವೆ. ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪದವು. ಭಾರತದಲ್ಲಿರುವುದು ಒಂದೇ ಬಗೆ. ಕಚ್ಚಿದರೆ ವಿಷವೆಂದು ಹೆದರಿ ಕಲ್ಲು ಹೊಡೆಯುವವರಿದ್ದಾರೆ. ಅದಕ್ಕೆ ವಿಷವೇ ಇಲ್ಲ.

ತಾಯಿ ಗೋಸುಂಬೆ ಮರದಿಂದಿಳಿದು, ಮಣ್ಣು ಕೆದರಿ ಗುಂಡಿ ಮಾಡಿ, ಹತ್ತಾರು ಮೊಟ್ಟೆಗಳನ್ನಿಟ್ಟು ಮುಚ್ಚಿ ಹೊರಟುಬಿಡುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ತಿಂಗಳುಗಟ್ಟಲೆ ಮಣ್ಣಿನಲ್ಲಿದ್ದು ಒಡೆದ ಮೊಟ್ಟೆಯಿಂದ ಹೊರಬಂದ ಮರಿ ತಾನೇ ಗಿಡ ಹತ್ತಬೇಕು, ತಾನೇ ನಾಲಿಗೆ ಚಿಮ್ಮಿಸಿ ಬೇಟೆಯಾಡಬೇಕು. ಹಾಗಾಗಿ ಒಂಟಿ ಮರಿ ಕಂಡರೆ ಅದು ತಬ್ಬಲಿಯೆಂದು ಮರುಗಬೇಕಾಗಿಲ್ಲ. ಅದಕ್ಕೆ ಬೇಕಾದ ಬುದ್ಧಿ ಹುಟ್ಟುವಾಗಲೇ ಬಂದಿರುತ್ತದೆ.

ಡಬ್ಬಿಯಲ್ಲಿ ಆಗುವುದೇನು? ಮರಿಗೆ ಬೇಕಾದದ್ದು ಬಾಳೆಹಣ್ಣಿನ ಮೇಲೆ ಹಾರಾಡುವ ನುಸಿಯಂಥ, ಜೀವಂತ, ಚಲಿಸುವ ಪುಟ್ಟ ಹುಳು. ಅದೂ ದಿನಕ್ಕೆ ಹಲವು. ಸತ್ತ ನೊಣ ಹಾಕಿದರೆ ಸಾಮಾನ್ಯವಾಗಿ ಮೂಸಿಯೂ ನೋಡದು. ಬಟ್ಟಲಲ್ಲಿ ನೀರಿಟ್ಟರೆ ನೀರೆಂದು ತಿಳಿಯದು. ಎಲೆಯ ಮೇಲಿನ ಹನಿಯನ್ನು ನೆಕ್ಕುವುದು ಅದರ ರೂಢಿ. ಬಿಸಿಲಿನ ನೇರಳಾತೀತ ಕಿರಣ ಸಿಗದಿದ್ದರೆ ಮೂಳೆ ಮೆತ್ತಗಾಗುತ್ತದೆ. ಹಾಗೆಂದು ಗಾಜಿನ ಬಾಟಲಿಯನ್ನು ಬಿಸಿಲಿಗಿಟ್ಟರೆ ಒಳಗಿನ ಕಾವಿಗೇ ಮರಿ ಸತ್ತೀತು.

ಇನ್ನು ಬಣ್ಣ. ಕೈಯಲ್ಲಿ ಹಿಡಿದಾಗ ಅದು ಕಪ್ಪಾದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಗೋಸುಂಬೆ ಬಣ್ಣ ಬದಲಿಸುವುದು ಕೇವಲ ಅಡಗಿಕೊಳ್ಳಲು ಅಲ್ಲ; ಚಳಿ, ಬಿಸಿಲು, ಸಿಟ್ಟು, ಭಯ ಎಲ್ಲಕ್ಕೂ ಅದು ಬಣ್ಣದಲ್ಲೇ ಉತ್ತರಿಸುತ್ತದೆ. ಅದರ ಚರ್ಮದ ಕೋಶಗಳಲ್ಲಿರುವ ಅತಿ ಸೂಕ್ಷ್ಮ ಹರಳುಗಳ ನಡುವಿನ ಅಂತರ ಬದಲಾದಾಗ ಬಣ್ಣವೂ ಬದಲಾಗುತ್ತದೆಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಮಡಗಾಸ್ಕರಿನ ಒಂದು ಗೋಸುಂಬೆಯಲ್ಲಿ ತೋರಿಸಿದರು. ಅಂಗೈಯಲ್ಲಿ ಕಪ್ಪಾದ ಮರಿ ಆಟ ತೋರಿಸುತ್ತಿರುವುದಿಲ್ಲ; ಹೆಚ್ಚಾಗಿ ಹೆದರಿರುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗೋಸುಂಬೆಯನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಪೇಟೆಯಲ್ಲಿ ವಿದೇಶಿ ಗೋಸುಂಬೆ ಕೊಂಡವರೂ 2024ರ ನಿಯಮಗಳಂತೆ ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕು.

ಹಾಗಾದರೆ ಮರಿಯ ಆರೈಕೆ ಹೇಗೆ? ಅದರ ಮನೆಯನ್ನು ಉಳಿಸುವುದೇ ಆರೈಕೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಎಷ್ಟೋ ಹೊಲಗಳು ಬಡಾವಣೆಗಳಾಗಿವೆ. ಉಳಿದ ಬದುಗಳ ಪೊದೆಗೆ ಬೆಂಕಿಯಿಡದಿರುವುದು, ಬೇಲಿಗೆಲ್ಲ ಕೀಟನಾಶಕ ಹೊಡೆಯದಿರುವುದು ದೊಡ್ಡವರ ಕೆಲಸ. ರಸ್ತೆಯಲ್ಲಿ ಸಿಕ್ಕ ಗೋಸುಂಬೆಯನ್ನು ಕಡ್ಡಿಗೆ ಹತ್ತಿಸಿ, ಅದು ಹೊರಟ ದಿಕ್ಕಿನ ಗಿಡಕ್ಕೆ ಬಿಡುವುದು ಮಕ್ಕಳೂ ಮಾಡಬಹುದಾದದ್ದು. ವಾಹನಗಳಿದ್ದರೆ ಹಿರಿಯರು ಜೊತೆಗಿರಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಹುಡುಗನ ಆಸೆಗೂ ದಾರಿಯಿದೆ. ಡಬ್ಬಿಯ ಬದಲು ಚೀಲದಿಂದ ಒಂದು ನೋಟ್‌ಬುಕ್ ತೆಗೆಯಲಿ. ಯಾವ ದಿನ, ಯಾವ ಗಿಡ, ಮರಿಯ ಬಣ್ಣ ಬೆಳಿಗ್ಗೆ ಹೇಗಿತ್ತು, ಸಂಜೆ ಹೇಗಿತ್ತು ಎಂದು ಬರೆದಿಡಲಿ. ನಾಳೆ ಅದೇ ಪೊದೆಯಲ್ಲಿ ಮರಿಯನ್ನು ಹುಡುಕಲಿ. ಮೊದಲ ಸಲಕ್ಕೆ ಅದು ಸಿಗಲಾರದು. ಅಲ್ಲೇ ಎಲೆಯ ಹಿಂದೆ ಕುಳಿತು, ಒಂದು ಕಣ್ಣನ್ನು ಮಾತ್ರ ಅವನತ್ತ ತಿರುಗಿಸಿರುತ್ತದೆ.