ಇರುಳಿನ ಬೀದಿಯಲ್ಲಿ ಮನುಷ್ಯರ ಚಿತ್ರ

ಕೈಯಲ್ಲಿ ಮೊಬೈಲು ಇರುವವರೆಲ್ಲರೂ ಇಂದು ಛಾಯಾಚಿತ್ರಗಾರರೇ ಆಗಿದ್ದಾರೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ರಾತ್ರಿಯ ಬೀದಿಯಲ್ಲಿ ಜನರ ಮುಖಗಳನ್ನು, ಅವರು ಅರಿಯದಂತೆ, ಸಹಜವಾಗಿ ಸೆರೆಹಿಡಿಯುವ ಹವ್ಯಾಸ ಅಂಟಿಕೊಂಡಿರುವುದನ್ನು ನಾವು ಬಲ್ಲೆವು. ಈ ಹವ್ಯಾಸವನ್ನು ನಾವು ಹಳಿಯುವವರಲ್ಲ. ಆದರೆ ಯಾರ ಚಿತ್ರವನ್ನು ತೆಗೆಯಬೇಕು, ಯಾರದನ್ನು ತೆಗೆಯಬಾರದು ಎಂಬ ವಿವೇಕವೂ ಈ ಕಲೆಯ ಒಂದು ಅಂಗವೆಂಬುದು ನಮ್ಮ ಅಭಿಪ್ರಾಯ.

ಮೊದಲು ಕಲೆಯ ಮಾತು. ಇರುಳಿನಲ್ಲಿ ಬೆಳಕು ಇರುವಲ್ಲಿಗೆ ನಾವೇ ಹೋಗಬೇಕು. ವಡಾಪಾವ್ ಗಾಡಿಯ ದೀಪ, ಪಾನ್ ಅಂಗಡಿಯ ಟ್ಯೂಬ್‌ಲೈಟು ಇವೇ ನಮಗೆ ಸಾಕು. ದೀಪದ ನೇರ ಕೆಳಗೆ ನಿಂತವನ ಕಣ್ಣುಗಳು ನೆರಳಿನಲ್ಲಿ ಮುಳುಗುತ್ತವೆ. ಬೆಳಕು ಪಕ್ಕದಿಂದ ಬಿದ್ದರೆ ಮುಖದ ಗೆರೆಗಳೆಲ್ಲ ಕಾಣುತ್ತವೆ. ಹಿಂಬದಿ ಕತ್ತಲಾಗಿದ್ದರೆ ಮುಖವು ತಾನಾಗಿ ಎದ್ದು ನಿಲ್ಲುವುದು. ಮೊಬೈಲು ರಾತ್ರಿಯಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯುವುದರಿಂದ ಅಲುಗಾಡುವವರ ಮುಖ ಮಸುಕಾಗುವುದುಂಟು. ಆದುದರಿಂದ ದುಡಿಯುವ ಕೈ ಒಂದು ಗಳಿಗೆ ತಡೆಯುವವರೆಗೆ ಕಾಯಬೇಕು. ದಾದರದ ಹೂವಿನ ಪೇಟೆಯಲ್ಲಿ ಬೆಳಗಿನ ಜಾವ ಹೂ ತೂಗುವವನು ತಕ್ಕಡಿಯನ್ನೇ ದಿಟ್ಟಿಸುತ್ತ ನಿಲ್ಲುವ ಗಳಿಗೆ ಅಂಥದು.

ಕಾಯುವ ತಾಳ್ಮೆಯಿಲ್ಲದವರು ಅಲುಗಾಡದವರನ್ನು ಹುಡುಕುತ್ತಾರೆ. ಅಂಥವರು ಯಾರು? ಫುಟ್‌ಪಾತಿನಲ್ಲಿ ಚಾದರ ಹೊದ್ದು ಮಲಗಿದ ಕೂಲಿಕಾರ. ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಮಗುವನ್ನು ತಬ್ಬಿ ನಿದ್ರಿಸುವ ತಾಯಿ. ನಮಗೆ ಅದು ಬೀದಿ, ಅವರಿಗೆ ಅದು ಮನೆ. ಗೋಡೆಯಿಲ್ಲದ ಮಾತ್ರಕ್ಕೆ ಕೇಳದೆ ಒಳಹೊಗಬಹುದೆ? ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕೂಲಿಗಾಗಿ ಈ ನಗರಕ್ಕೆ ಬಂದವರು ನಮ್ಮವರೇ. ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಮೇಜುಗಳ ನಡುವೆ ಮಲಗಿದ ಕರಾವಳಿಯ ಹುಡುಗರೂ ನಮ್ಮವರೇ. ಅಂಥ ಹುಡುಗನ ನಿದ್ರೆಯ ಚಿತ್ರವನ್ನು ಯಾರಾದರೂ ಊರಿಗೆಲ್ಲ ತೋರಿಸಿದ್ದರೆ, ಮಗನು ಸುಖವಾಗಿದ್ದಾನೆಂದು ನಂಬಿದ್ದ ತಾಯಿಯ ಮನಸ್ಸು ಏನಾಗುತ್ತಿತ್ತು?

ಇಂಥ ಚಿತ್ರಗಳಿಂದ ಬಡವರ ಕಷ್ಟ ಲೋಕಕ್ಕೆ ತಿಳಿಯುವುದಲ್ಲವೆ ಎಂದು ಕೇಳುವವರುಂಟು. ಮಾತು ಸುಳ್ಳಲ್ಲ. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ರಾತ್ರಿಯ ವೇಳೆ ಬಡವರ ಕೋಣೆಗಳನ್ನು ಹೊಕ್ಕು, ಪುಡಿಯನ್ನು ಉರಿಸಿದ ಬೆಳಕಿನಲ್ಲಿ ಚಿತ್ರ ತೆಗೆದನು. 1890ರಲ್ಲಿ ಬಂದ ಅವನ ಪುಸ್ತಕವು ವಸತಿಯ ಸುಧಾರಣೆಗೆ ನೆರವಾಯಿತು. ಆದರೆ ರೀಸ್ ಅದಕ್ಕಾಗಿ ವರ್ಷಗಟ್ಟಲೆ ಬರೆದನು, ಊರೂರಿಗೆ ಹೋಗಿ ಭಾಷಣ ಮಾಡಿದನು. ಚಿತ್ರವನ್ನು ಹಂಚಿ, ಮೆಚ್ಚುಗೆಗಳನ್ನು ಎಣಿಸಿ ಮಲಗುವವರಿಗೆ ಆ ಸಮರ್ಥನೆ ಸಲ್ಲದು.

ನ್ಯಾಯದ ಮಾತೂ ಇದೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸಾರ್ವಜನಿಕ ಸ್ಥಳದಲ್ಲಿರುವ ಮಾತ್ರಕ್ಕೆ ಅದು ಅಳಿಯದೆಂಬ ಮಾತನ್ನೂ ಆ ತೀರ್ಪಿನಲ್ಲಿ ಕಾಣಬಹುದು.

ಕೇಳಿ ತೆಗೆದರೆ ಸಹಜತೆ ಕೆಡುವುದಿಲ್ಲವೆ? ಕೆಡುವುದು, ಆದರೆ ಸ್ವಲ್ಪ ಹೊತ್ತಿನ ಮಟ್ಟಿಗೆ. ಗಾಡಿಯ ಬಳಿ ಕಟಿಂಗ್ ಚಹಾ ಕುಡಿಯುತ್ತ, ಊರು ಯಾವುದೆಂದು ವಿಚಾರಿಸುತ್ತ ನಿಂತರೆ ಅವನು ನಮ್ಮನ್ನು ಮರೆತು ತನ್ನ ಕೆಲಸಕ್ಕೆ ಮರಳುತ್ತಾನೆ. ಆಗ ದೊರೆಯುವುದು ನಿಜವಾದ ಸಹಜಚಿತ್ರ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ನಿತ್ಯಜೀವನವನ್ನೇ ತಮ್ಮ ಕ್ಯಾಮೆರಾಕ್ಕೆ ವಸ್ತುವಾಗಿ ಮಾಡಿಕೊಂಡವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಸಾಮಾನ್ಯರ ಮುಖಕ್ಕಿರುವ ಘನತೆಯನ್ನು ಕಾಣಬಯಸುವವರು ಅವರ ಚಿತ್ರಗಳನ್ನು ನೋಡಬೇಕು.

ವಿದ್ಯಾರ್ಥಿಮಿತ್ರರೇ, ರಾತ್ರಿ ಹೊರಡುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಒಂದು ನಿಯಮವನ್ನೂ ಜೊತೆಗೆ ಒಯ್ಯಿರಿ: ತೆಗೆದ ಚಿತ್ರವನ್ನು ಅದರಲ್ಲಿರುವವರಿಗೇ ಮೊದಲು ತೋರಿಸಿರಿ. ಬೇಡವೆಂದರೆ ಅವರೆದುರಿಗೇ ಅಳಿಸಿಬಿಡಿ. ತೋರಿಸಲು ನಾಚಿಕೆಯಾಗುವ ಚಿತ್ರವನ್ನು ತೆಗೆಯಲೇಬೇಡಿ. ನಿದ್ರಿಸುವವನು ಹೂಂ ಎನ್ನಲಾರ, ಬೇಡವೆನ್ನಲೂ ಆರ. ಅವನನ್ನು ಅವನ ನಿದ್ರೆಗೆ ಬಿಟ್ಟು ಮುಂದೆ ನಡೆಯಿರಿ.