ಮನೆ ನಕಲಾಗುತ್ತದೆ, ನೆಲ ನಕಲಾಗುವುದಿಲ್ಲ

ಕಳೆದ ಸೆಮಿಸ್ಟರ್‌ನಲ್ಲಿ ನಮಗೊಂದು ಅಸೈನ್‌ಮೆಂಟ್ ಕೊಟ್ಟಿದ್ದರು. ಇಳಿಜಾರಿನ ಜಾಗದಲ್ಲಿ 30x40 ಅಡಿಯ 24 ಸೈಟುಗಳು, ಎಲ್ಲದರಲ್ಲೂ ಒಂದೇ ನಮೂನೆಯ ಮನೆ. ರಸ್ತೆಯ ಈಚೆ 12, ಆಚೆ 12. ಮನೆಯ ಪ್ಲಾನ್ ಬರೆಯಲು ನನಗೆ ಮೂರು ದಿನ ಹಿಡಿಯಿತು. ಆ ಒಂದು ಮನೆಯನ್ನು 24 ಮಾಡಲು ಎರಡು ನಿಮಿಷ ಸಾಕಾಯಿತು. ಆಟೊಕ್ಯಾಡ್‌ನಲ್ಲಿ ಮನೆಯನ್ನು ಬ್ಲಾಕ್ ಮಾಡಿಕೊಂಡು 30 ಅಡಿ ಅಂತರಕ್ಕೆ ‘ಅರೇ’ ಕೊಟ್ಟೆ, ಒಂದು ಸಾಲು ಸಿದ್ಧವಾಯಿತು. ‘ಮಿರರ್’ ಕೊಟ್ಟೆ, ಎದುರು ಸಾಲೂ ಬಂತು. ಗಿಡ ಮರ ಜೋಡಿಸಿ, ಬಣ್ಣ ತುಂಬಿ, ಪ್ರಿಂಟ್ ತೆಗೆದು ಹೆಮ್ಮೆಯಿಂದ ಒಯ್ದೆ.

ಸರ್ ಎರಡು ನಿಮಿಷ ನೋಡಿದರು. ‘ಚೆನ್ನಾಗಿದೆ ಕಣಪ್ಪ. ಈಗ ರಸ್ತೆಯುದ್ದಕ್ಕೂ ಒಂದು ಸೆಕ್ಷನ್ ತೆಗೆದು ತೋರಿಸು’ ಅಂದರು.

ಅಲ್ಲಿಗೆ ನನ್ನ ಬಣ್ಣ ಬಯಲಾಯಿತು. ಆ ಜಾಗ 20 ಅಡಿಗೆ ಒಂದು ಅಡಿ ಇಳಿಯುತ್ತಿತ್ತು. ಅಂದರೆ ಒಂದು ಸೈಟಿನಿಂದ ಮುಂದಿನ ಸೈಟಿಗೆ ಒಂದೂವರೆ ಅಡಿ ತಗ್ಗು. ನಾನು ಮಾತ್ರ 12 ಮನೆಗಳನ್ನೂ ಒಂದೇ ಮಟ್ಟದಲ್ಲಿ ಇಟ್ಟಿದ್ದೆ. ಮೊದಲ ಮನೆ ನೆಲದ ಮೇಲೆ ಸರಿಯಾಗಿ ಕುಳಿತಿತ್ತು. ಹನ್ನೆರಡನೇ ಮನೆ ನೆಲದಿಂದ ಹದಿನಾರೂವರೆ ಅಡಿ ಮೇಲೆ ಗಾಳಿಯಲ್ಲಿ ತೇಲುತ್ತಿತ್ತು. ‘ಇವರಿಗೆ ಏಣಿಯನ್ನೂ ನೀನೇ ಕೊಡ್ತೀಯೇನೋ?’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ಆ ನಗು ನಿಂತದ್ದು ರಜೆಯಲ್ಲಿ ಚಿಕ್ಕಮ್ಮನ ಮನೆಗೆ ಹೋದಾಗ. ಚಿಕ್ಕಮ್ಮ ಇರುವುದು ತೀರ್ಥಹಳ್ಳಿ ಕಡೆಯ ಒಂದು ಊರಿನ ಕಾಲೊನಿಯಲ್ಲಿ. ಉತ್ತರ ದಕ್ಷಿಣವಾಗಿ ಒಂದು ರಸ್ತೆ, ಎರಡೂ ಬದಿಗೆ ಒಂದೇ ತರಹದ ಮನೆಗಳು. ಒಂದು ಸಾಲಿನ ಮನೆಗಳ ಬಾಗಿಲು ಪೂರ್ವಕ್ಕೆ, ಇನ್ನೊಂದು ಸಾಲಿನದು ಪಶ್ಚಿಮಕ್ಕೆ. ಚಿಕ್ಕಮ್ಮನ ಬಾಗಿಲು ಪಶ್ಚಿಮಕ್ಕೆ. ಮಲೆನಾಡಿನ ಮುಂಗಾರು ಬೀಸಿ ಹೊಡೆಯುವುದು ಆ ದಿಕ್ಕಿನಿಂದಲೇ. ಜೂನ್ ಬಂತೆಂದರೆ ಜಗಲಿ ಪೂರ್ತಿ ನೀರು. ಮರದ ಬಾಗಿಲು ಉಬ್ಬಿಕೊಂಡು, ಚಿಲಕ ಹಾಕಬೇಕಾದರೆ ಹೆಗಲು ಕೊಟ್ಟು ನೂಕಬೇಕು. ಮಳೆಗಾಲದ ಮೊದಲೇ ಚಿಕ್ಕಪ್ಪ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಜಗಲಿ ಮುಚ್ಚುತ್ತಾರೆ. ಆಮೇಲೆ ಮೂರು ನಾಲ್ಕು ತಿಂಗಳು ಒಳಗೆ ಹಗಲಿನಲ್ಲೂ ದೀಪ ಬೇಕು. ಎದುರು ಸಾಲಿನವರು ಅದೇ ಮಳೆಯಲ್ಲಿ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಾರೆ. ಅವರ ಹಿಂಗೋಡೆಗೂ ಮಳೆ ಹೊಡೆಯುತ್ತದೆ, ಆದರೆ ಅಲ್ಲಿರುವುದು ಒಂದು ಚಿಕ್ಕ ಕಿಟಕಿ ಮಾತ್ರ.

‘ಅವ್ರ ಮನೆನೂ ನಮ್ಮ ಮನೆನೂ ಒಂದೇ ಕಣೋ. ಆದ್ರೆ ಮಳೆಗೆ ಅದು ಗೊತ್ತಿಲ್ಲ’ ಅಂದರು ಚಿಕ್ಕಮ್ಮ.

ಈ ಸಲ ನಗು ಬರಲಿಲ್ಲ. ಆ ಕಾಲೊನಿಯ ನಕ್ಷೆ ಬರೆದವರು ಮಾಡಿದ್ದು ನಾನು ಮಾಡಿದ್ದನ್ನೇ. ಅವರು ಟ್ರೇಸಿಂಗ್ ಕಾಗದವನ್ನು ತಿರುಗಿಸಿಟ್ಟು ಎಳೆದಿರಬಹುದು, ನಾನು ಮೌಸ್ ಒತ್ತಿದೆ. ಅವರ ಎರಡು ನಿಮಿಷದ ಫಲವನ್ನು ಒಂದು ಸಾಲಿನ ಮನೆಯವರು ಪ್ರತಿ ಮಳೆಗಾಲ ಅನುಭವಿಸುತ್ತಿದ್ದಾರೆ.

ಹಾಗೆಂದು ಒಂದೇ ತರಹದ ಮನೆ ಕಟ್ಟುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಡಿಮೆ ದುಡ್ಡಿನಲ್ಲಿ ಹೆಚ್ಚು ಜನರಿಗೆ ಸೂರು ಬೇಕಾದಾಗ ನಮೂನೆ ಒಂದೇ ಇದ್ದರೆ ಅನುಕೂಲ. ಬಾಗಿಲು ಕಿಟಕಿಗಳ ಅಳತೆ ಒಂದೇ, ಸೆಂಟ್ರಿಂಗ್ ಹಲಗೆಗಳನ್ನು ಮತ್ತೆ ಮತ್ತೆ ಬಳಸಬಹುದು, ಮೇಸ್ತ್ರಿಗೆ ಎರಡನೇ ಮನೆಯ ಹೊತ್ತಿಗೆ ಕೈ ಪಳಗಿರುತ್ತದೆ. ಮಿರರ್ ಕೂಡ ದಡ್ಡ ಉಪಾಯವಲ್ಲ. ಅಕ್ಕಪಕ್ಕದ ಎರಡು ಮನೆಗಳನ್ನು ಎದುರುಬದುರಾಗಿ ತಿರುಗಿಸಿದರೆ ಎರಡರ ಬಚ್ಚಲೂ ಒಂದೇ ಕಡೆ ಬರುತ್ತವೆ, ಕೊಳವೆಯ ಖರ್ಚು ಉಳಿಯುತ್ತದೆ. ತಪ್ಪಾಗುವುದು ನಕಲು ಮಾಡಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಂಡಾಗ. ಅಸಲಿಗೆ ಸೈಟ್ ಪ್ಲಾನಿನ ಕೆಲಸ ಶುರುವಾಗುವುದೇ ಅಲ್ಲಿಂದ.

ನವಿ ಮುಂಬೈನ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ರೂಪಿಸಿದ ವಸತಿಯನ್ನು ನೋಡಿ. ಅಲ್ಲಿಯೂ ಕೆಲವೇ ನಮೂನೆಯ ಮನೆಗಳು ಮರುಕಳಿಸುತ್ತವೆ. ಆದರೆ ಅವರು ಮನೆಗಳನ್ನು ರೈಲಿನ ಬೋಗಿಗಳಂತೆ ಜೋಡಿಸಲಿಲ್ಲ. ಏಳು ಮನೆಗಳು ಸುಮಾರು 8 ಮೀಟರ್ ಉದ್ದಗಲದ ಒಂದು ಅಂಗಳದ ಸುತ್ತ ಕೂರುತ್ತವೆ. ಅಂಥ ಮೂರು ಗುಂಪು ಸೇರಿ 21 ಮನೆಗಳಾಗುತ್ತವೆ, ಅವುಗಳ ನಡುವೆ ಸುಮಾರು 12 ಮೀಟರ್ ಉದ್ದಗಲದ ಬಯಲು. ಪಕ್ಕದ ಮನೆಯವರೊಂದಿಗೆ ಗೋಡೆ ಹಂಚಿಕೊಳ್ಳದ ಕಾರಣ ಪ್ರತಿ ಕುಟುಂಬವೂ ಕೈಯಲ್ಲಿ ಕಾಸಾದಾಗ ಮನೆ ಬೆಳೆಸಿಕೊಳ್ಳಬಹುದು. ಮನೆ ಮಾತ್ರವಲ್ಲ, ಅಂಗಳವೂ ಇಲ್ಲಿ ಮರುಕಳಿಸುತ್ತದೆ. ಹೇಗೆ ಇಟ್ಟರು ಎಂಬುದರಲ್ಲೇ ಅಲ್ಲಿನ ಜಾಣತನವಿದೆ.

ನನ್ನ ಗೆಳೆಯರಲ್ಲಿ ಕೆಲವರು ‘ಎಲ್ಲ ಸಾಫ್ಟ್‌ವೇರ್‌ನಿಂದ ಕೆಟ್ಟಿತು’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಾವು ಸಾಫ್ಟ್‌ವೇರನ್ನು ಅರ್ಧ ಮಾತ್ರ ಕಲಿತಿದ್ದೇವೆ. ರೆವಿಟ್‌ನಲ್ಲಿ ಮನೆಗೊಂದು ಫೈಲ್, ಸೈಟಿಗೊಂದು ಫೈಲ್ ಮಾಡಿ, ಮನೆಯನ್ನು ಸೈಟಿಗೆ ಲಿಂಕ್ ಮಾಡಬಹುದು. ಒಂದೇ ಮನೆಯನ್ನು 24 ಕಡೆ ಇಟ್ಟರೂ ಪ್ರತಿಯೊಂದಕ್ಕೂ ತನ್ನದೇ ಜಾಗ, ತನ್ನದೇ ಎತ್ತರ, ತನ್ನದೇ ದಿಕ್ಕು ಕೊಡಬಹುದು. ಆ ಸ್ಥಾನಗಳಿಗೆ ಒಂದೊಂದು ಹೆಸರಿಟ್ಟು ಉಳಿಸಿಕೊಳ್ಳಬಹುದು. ಊರು ಯಾವುದು, ನಿಜವಾದ ಉತ್ತರ ದಿಕ್ಕು ಯಾವುದು ಎಂದು ಹೇಳಿದರೆ ಯಾವ ತಿಂಗಳ ಯಾವ ಗಂಟೆಗೆ ಯಾರ ಮನೆಯ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನೂ ತೋರಿಸುತ್ತದೆ. ಇಷ್ಟೆಲ್ಲ ಇದ್ದರೂ ಲ್ಯಾಬಿನಲ್ಲಿ ನಾವು ಮೊದಲು ಕೇಳುವುದು ‘ಬೇಗ ಕಾಪಿ ಮಾಡೋಕೆ ಶಾರ್ಟ್‌ಕಟ್ ಏನು?’ ಎಂದು.

ಇನ್ನೊಂದು ಮಾತು. ಮೂಲದಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಿದ್ದುಪಡಿಯಾಗುವುದು ದೊಡ್ಡ ಅನುಕೂಲ. ಹಾಗೆಯೇ ಮೂಲದಲ್ಲಿ ತಪ್ಪಿದರೆ ತಪ್ಪೂ 24 ಆಗುತ್ತದೆ. ನನ್ನ ನಕ್ಷೆಯಲ್ಲಿ ಶೌಚಾಲಯದ ಕಿಟಕಿ ಪಕ್ಕದ ಮನೆಯ ಅಡುಗೆಮನೆ ಕಿಟಕಿಗೆ ನೇರ ಎದುರಾಗಿತ್ತು. ಒಂಟಿ ಮನೆಯ ಪ್ಲಾನ್ ನೋಡುವಾಗ ಅದು ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಪಕ್ಕದ ಮನೆಯೇ ಇರುವುದಿಲ್ಲ. ನಕ್ಷೆ ನೋಡಿದ ಅಮ್ಮ, ‘ಎದುರು ಸಾಲಿನವರ ಅಡುಗೆಮನೆ ಆಗ್ನೇಯದಿಂದ ನೈರುತ್ಯಕ್ಕೆ ಹೋಯ್ತಲ್ಲೋ’ ಅಂದಳು. ವಾಸ್ತುವಿನಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅಮ್ಮ ಹೇಳಿದ್ದರಲ್ಲಿ ವಾಸ್ತುವಿನಾಚೆಗೂ ಸತ್ಯವಿತ್ತು. ಬೆಳಗಿನ ಎಳೆಬಿಸಿಲು ಬೀಳುತ್ತಿದ್ದ ಅಡುಗೆಮನೆಗೆ ಮಿರರ್ ಕೊಟ್ಟ ಮೇಲೆ ಮಧ್ಯಾಹ್ನದ ಪಶ್ಚಿಮದ ಬಿಸಿಲು ಬೀಳತೊಡಗಿತ್ತು. ಮಿರರ್ ಕೊಟ್ಟಾಗ ಅಕ್ಷರಗಳು ತಿರುಗುಮುರುಗಾಗದಂತೆ ತಡೆಯಲು ಆಟೊಕ್ಯಾಡ್‌ನಲ್ಲಿ ಒಂದು ಸೆಟ್ಟಿಂಗ್ ಇದೆ. ಬಿಸಿಲಿಗೆ ಅಂಥ ಸೆಟ್ಟಿಂಗ್ ಇಲ್ಲ. ಅದನ್ನು ನಾವೇ ಯೋಚಿಸಬೇಕು.

‘ಪ್ರತಿ ಮನೆಯನ್ನೂ ಬೇರೆ ಬೇರೆ ವಿನ್ಯಾಸ ಮಾಡುತ್ತ ಕೂತರೆ ಖರ್ಚು ಯಾರು ಕೊಡುತ್ತಾರೆ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಷ್ಟೆಲ್ಲ ಬೇಡ. ಮೂರು ಸಂಗತಿ ಕೇಳಿಕೊಂಡರೆ ಸಾಕು. ಈ ಸೈಟಿನಲ್ಲಿ ಪಾಯದ ಮಟ್ಟ ಎಷ್ಟು? ಮಳೆ, ಬಿಸಿಲು ಯಾವ ಗೋಡೆಗೆ ಹೊಡೆಯುತ್ತವೆ? ಬಿದ್ದ ನೀರು ಯಾರ ಅಂಗಳ ದಾಟಿ ಚರಂಡಿ ಸೇರುತ್ತದೆ? ಚಿಕ್ಕಮ್ಮನ ಮನೆಗೆ ಬೇರೆ ಪ್ಲಾನ್ ಬೇಕಿರಲಿಲ್ಲ. ಆ ಸಾಲಿನ ಮನೆಗಳಿಗೆ ಮಾಡು ಮೂರು ಅಡಿ ಮುಂದೆ ಚಾಚಿದ್ದರೂ ಬಾಗಿಲು ಇಷ್ಟು ನೆನೆಯುತ್ತಿರಲಿಲ್ಲ. ಇಳಿಜಾರಿನಲ್ಲಿ ಸಾಲನ್ನು ಸಮೋನ್ನತ ರೇಖೆಯ ಗುಂಟ ಎಳೆದರೆ ಒಂದು ಸಾಲಿನ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ, ಮಣ್ಣು ಕಡಿಯುವ, ತುಂಬುವ ಖರ್ಚೂ ತಗ್ಗುತ್ತದೆ.

ಆದ್ದರಿಂದ ನಮ್ಮ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಮನೆಯ ಪ್ಲಾನಿಗೆ ಕೊಡುವಷ್ಟೇ ಅಂಕವನ್ನು ಅದನ್ನು ಸೈಟಿನಲ್ಲಿ ಇಟ್ಟ ರೀತಿಗೂ ಕೊಡಿ. ರಸ್ತೆಯುದ್ದದ ಸೆಕ್ಷನ್ ಇಲ್ಲದ ಲೇಔಟ್ ನಕ್ಷೆಯನ್ನು ತೆಗೆದುಕೊಳ್ಳಲೇಬೇಡಿ. ಲ್ಯಾಬಿನ ಒಂದು ಮಧ್ಯಾಹ್ನ ನಮ್ಮನ್ನು ಕಂಪ್ಯೂಟರ್ ಮುಂದಿನಿಂದ ಎಬ್ಬಿಸಿ, ಹತ್ತಿರದ ಯಾವುದಾದರೂ ಲೇಔಟಿಗೆ ಕಳಿಸಿ. ಒಂದೇ ತರಹದ ಹತ್ತು ಮನೆಗಳ ಬಾಗಿಲು ತಟ್ಟಿ, ಮಳೆಗಾಲದಲ್ಲಿ ಏನಾಗುತ್ತದೆ ಎಂದು ಕೇಳಿ ಬರುತ್ತೇವೆ. ಸಹಪಾಠಿಗಳಲ್ಲಿಯೂ ಒಂದು ಮಾತು: ‘ಅರೇ’ ಒತ್ತುವ ಮುನ್ನ ಕೊನೆಯ ಮನೆಯಲ್ಲಿ ನಿಂತು ಒಮ್ಮೆ ಯೋಚಿಸೋಣ. ಮೊದಲ ಮನೆಯನ್ನು ನಾವೆಲ್ಲ ಚೆನ್ನಾಗಿಯೇ ಬರೆಯುತ್ತೇವೆ.

ನನ್ನ ಅಸೈನ್‌ಮೆಂಟನ್ನು ಮತ್ತೆ ಮಾಡಿದೆ. ಈ ಸಲ ಮನೆಗಳನ್ನು ಇಡಲು ನಾಲ್ಕು ದಿನ ಹಿಡಿಯಿತು, ಪ್ಲಾನಿಗಿಂತ ಒಂದು ದಿನ ಹೆಚ್ಚು. 24 ಮನೆಗಳೂ ನೆಲದ ಮೇಲಿವೆ. ಪಶ್ಚಿಮಕ್ಕೆ ಬಾಗಿಲಿರುವ 12 ಮನೆಗಳಿಗೆ ಮಾಡು ಮೂರು ಅಡಿ ಉದ್ದವಿದೆ. ಅದು ಯಾಕೆ ಎಂದು ಸರ್ ಕೇಳಿದರು. ಚಿಕ್ಕಮ್ಮನ ಜಗಲಿಯ ಕತೆ ಹೇಳಿದೆ.